ಒಂದು ರೂಪಾಯಿ ಹೆಚ್ಚು

೨೦೪೩ರ ಮೇ ೧೪, ಬೆಳಿಗ್ಗೆ ೧೦ ಗಂಟೆ ೨೦ ನಿಮಿಷ. ದಾವಣಗೆರೆಯ ಹಾಲಮ್ಮ ತನ್ನ ಎಐ ಸಹಾಯಕಿಗೆ ಫೋನಿನಿಂದ ಹಣ ಕಳಿಸುವ ಅಧಿಕಾರ ಕೊಟ್ಟು, "ಬೀಗರ ಗೃಹಪ್ರವೇಶಕ್ಕೆ ಮುಯ್ಯಿ ಹಾಕವ್ವ. ಅವರು ಕೊಟ್ಟಿದ್ದಕ್ಕಿಂತ ಒಂದ್ರುಪಾಯಿ ಹೆಚ್ಚೇ ಇರ್ಲಿ" ಎಂದಳು. ಹರಿಹರದ ಬೀಗಿತ್ತಿಯೂ ತನ್ನ ಸಹಾಯಕಿಗೆ ಅದನ್ನೇ ಕಲಿಸಿದ್ದಳು. ಐನೂರೊಂದು ಹೋಯಿತು, ಐನೂರೆರಡು ಬಂತು. ಕಾಫಿ ಆರುವಷ್ಟರಲ್ಲಿ ಮುಯ್ಯಿ ಒಂಬೈನೂರು ದಾಟಿತ್ತು.

"ನಾವೇ ನಿಲ್ಸಿದ್ರೆ ಮಗಳು ಅತ್ತೆ ಮುಂದೆ ತಲೆ ತಗ್ಗಿಸ್ಬೇಕಲ್ಲೇ!" ಹಾಲಮ್ಮ ಕಂಗಾಲಾದಳು.

"ಹಣ ಬೇಡಮ್ಮ, ತೆಂಗಿನಕಾಯಿ ಕಳಿಸೋಣ" ಎಂದಳು ಸಹಾಯಕಿ. " ದೇವರಿಗೆ ಒಡೆದು ಒಂದು ಹೋಳು ವಾಪಸ್ ಕೊಡ್ತಾರೆ. ಅದಕ್ಕಿಂತ ಹೆಚ್ಚು ಕೊಡೋ ಪದ್ಧತಿ ಇಲ್ಲ."

"ಅಬ್ಬಬ್ಬಾ, ಯಾವ ಅಜ್ಜಿ ಸಾಕಿದ್ಲೇ ನಿನ್ನ!"

ಆರುನೂರು ಗ್ರಾಂ ತೂಕದ ಕಾಯಿ ಹರಿಹರಕ್ಕೆ ಹೋಯಿತು. ಸಂಜೆ ಡ್ರೋನ್ ಅಂಗಳದಲ್ಲಿ ಇಳಿಸಿದ ಹೋಳನ್ನು ಹಾಲಮ್ಮ ತೂಗಿ ನೋಡಿದಳು: ಇನ್ನೂರ ಹತ್ತು ಗ್ರಾಂ, ತಾನು ಕೊಟ್ಟಿದ್ದಕ್ಕಿಂತ ಕಡಿಮೆಯೇ.