ಒಳಕ್ಕೆ ತಿರುಗಿದ ನಕ್ಷತ್ರ

ಹೊಲಿದ ಚಿಂದಿಗಳ ಸರದಿಂದ ಮೊದಲ ತುಂಡನ್ನು ಕತ್ತರಿಸಿ ಮಗುಚಿ ನೋಡಿದ ಅತ್ತೆ ಹಾಗೆಯೇ ಕೂತುಬಿಟ್ಟಳು. ಅದಕ್ಕೆ ಕೂಡಿಸಿದ್ದ ತ್ರಿಕೋನ ತಲೆಕೆಳಗಾಗಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಬೇಗ ಮುಗಿಯಲೆಂದು ನಡುವೆ ದಾರ ಕತ್ತರಿಸದೆ, ಒಂದರ ಬೆನ್ನಿಗೆ ಒಂದು ಚಿಂದಿಯನ್ನು ಮಿಷನ್ನಿಗೆ ಕೊಡುತ್ತ ಬೆಳಗ್ಗೆಯಿಂದ ಹೊಲಿದ ಸರವಿಡೀ ತಪ್ಪು. ತ್ರಿಕೋನಗಳೆಲ್ಲ ಸೇರಿ ಆಗಬೇಕಿದ್ದ ನಕ್ಷತ್ರದ, ಹೊರಕ್ಕೆ ಚಾಚಬೇಕಿದ್ದ ಮೊನೆಗಳೆಲ್ಲ ಒಳಕ್ಕೆ ತಿರುಗಿದ್ದವು. ಮಗಳ ಹೊಸ ಮನೆಗೆಂದು ಆಸೆಯಿಂದ ಹೊಲಿಯಲು ಹಿಡಿದ ಕೌದಿ.

ಚಿಂದಿ ಎತ್ತಿಕೊಡುತ್ತಿದ್ದ ಸೊಸೆ ಪಕ್ಕದಲ್ಲೇ ನಿಂತಿದ್ದಳು. "ನೋಡ್ತಾನೇ ಇದ್ದೆಯಲ್ಲೇ! ತಪ್ಪಾಗ್ತಿದೆ ಅಂತ ಗೊತ್ತಾಗಲಿಲ್ವಾ?"

"ಮೊದಲನೇ ತುಂಡಿಗೇ ಗೊತ್ತಾಯ್ತು ಅತ್ತೆ."

"ಮತ್ತೆ? ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ನೀವೇ ಹಾಕಿದ ಬೀಗ ಅಲ್ವಾ?" ಸೊಸೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಸುತ್ತ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. "ನಿಮ್ಮ ಮಗ ಮೊದಲನೇ ಸಲ ಹೊಡೆದಾಗ ನಿಮಗೇ ಬಂದು ತೋರಿಸಿದ್ದೆ. ಕಂಡದ್ದನ್ನೆಲ್ಲ ಆಡಬಾರದು, ಸುಮ್ಮನಿರೋದು ಕಲಿ ಅಂದ್ರಿ. ಕಲಿತೆ."

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. "ಕೌದಿ ಎಲ್ಲಿವರೆಗೆ ಬಂತು, ನೋಡೋಣ ಅಂತ ಬಂದೆ," ಎನ್ನುತ್ತ ಪಕ್ಕದ ಮನೆಯಾಕೆ ಒಳಗೆ ಕಾಲಿಟ್ಟಳು. ಅತ್ತೆಯ ಕೈ ತಟ್ಟನೆ ಮುಂದೆ ಚಾಚಿ, ಸೊಸೆಯ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದು ಮುಚ್ಚಿತು. ಮಡಿಲಲ್ಲಿದ್ದ ತಪ್ಪು ಹೊಲಿಗೆಯನ್ನೂ ಮುಚ್ಚಬೇಕೆಂದು ಅವಳಿಗೆ ಹೊಳೆದದ್ದು ಆಮೇಲೆ.