ತುಂಬುತೋಳಿನ ಚೂಡಿದಾರ

“ಹತ್ತು ಸಾಲೂ ಖಾಲಿ ಬಿಟ್ಟಿದೀಯಲ್ಲಮ್ಮ!” ಪಂಕಜಾ ಅರ್ಜಿಯನ್ನು ಹೇಮಾಕ್ಷಿಯ ಕಡೆ ತಿರುಗಿಸಿದರು. “ಓದು ಬಿಟ್ಟು ಇನ್ನೇನು ಮಾಡ್ತೀಯ ಅಂತ ಕೇಳಿದಾರೆ. ಸಂಗೀತ? ಈಜು? ಡಿಬೇಟು?”

ಹೇಮಾಕ್ಷಿ ಇಲ್ಲವೆಂದು ತಲೆಯಾಡಿಸಿದಳು. ಇಂಟರ್‌ನೆಟ್ ಕೆಫೆಯಲ್ಲಿ ಕೂತು ತಾನೇ ತುಂಬಿದ ಅರ್ಜಿ ಅದು. ಅಮೆರಿಕದ ಆ ವಿಶ್ವವಿದ್ಯಾಲಯ ನೂರು ಜನ ಬಂದರೆ ತೊಂಬತ್ತು ಜನರನ್ನು ಬಾಗಿಲಿನಿಂದಲೇ ಕಳಿಸುತ್ತಿತ್ತು. ಒಳಗೆ ಕರೆದುಕೊಂಡ ಬಡವರ ಖರ್ಚು ಮಾತ್ರ ಪೂರ್ತಿ ತನ್ನದೇ ಎನ್ನುತ್ತಿತ್ತು. ಅಲ್ಲೇ ಓದಿ ಬಂದ ಪಂಕಜಾ ಈಗ ಮಧುರವಾಡದ ಈ ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಈ ಕಡೆಯ ಮಕ್ಕಳನ್ನು ಮಾತಾಡಿಸಿ ಅಲ್ಲಿಗೆ ವರದಿ ಕಳಿಸುವುದು ಅವರ ಪಾಲಿಗೆ ಬಂದಿತ್ತು.

ಅವರು ಮೈಸೂರಿನವರು, ಕನ್ನಡದಲ್ಲೇ ಮಾತಾಡಬಹುದು ಎಂದು ತಿಳಿದಾಗ ಹೇಮಾಕ್ಷಿಗೆ ಹೋದ ಜೀವ ಬಂದಂತಾಗಿತ್ತು. ಆದರೆ ಬೆಳಗಿನ ರೈಲು ವಿಜಯವಾಡ ಬಿಟ್ಟಾಗಿನಿಂದ ಅಪ್ಪನದು ಒಂದೇ ಮಾತು: “ಮೆಸ್ಸಿನ ಸುದ್ದಿ ತೆಗೀಬ್ಯಾಡ. ಮಗಳ್ನ ದುಡಿಸ್ಕೊಂಡು ತಿಂತಾನ ಅಂತಾರ.” ತುಂಬುತೋಳಿನ ಹೊಸ ಚೂಡಿದಾರ ಕೊಡಿಸಿದ್ದೂ ಅದಕ್ಕೇ.

“ಹೋಗ್ಲಿ, ಬೆಳಗ್ಗೆ ಎದ್ದು ಏನು ಮಾಡ್ತೀಯ?”

“ಇಡ್ಲಿ...” ಬಾಯಿ ಜಾರಿಬಿಟ್ಟಿತು.

“ಎಷ್ಟು?”

“ಸಾವಿರದ ಎಂಟುನೂರು ರೀ.”

ಪಂಕಜಾ ಕುರ್ಚಿ ಮುಂದಕ್ಕೆಳೆದುಕೊಂಡರು. ಹೇಮಾಕ್ಷಿಗೆ ಇನ್ನು ತಡೆಯಲಾಗಲಿಲ್ಲ. “ನಮ್ಮಪ್ಪ ಕೋಚಿಂಗ್ ಕಾಲೇಜಿನ ಹಾಸ್ಟೆಲಿನ್ಯಾಗ ಅಡಗಿ ಮಾಡ್ತಾನ್ರಿ. ಗಣಿತದ ಟೆಸ್ಟ್ ಇದ್ದ ದಿನ ಇಡ್ಲಿ ಅರ್ಧಕ್ಕರ್ಧ ಉಳೀತಾವ. ಕೆಮಿಸ್ಟ್ರಿ ಇದ್ರ ಅಷ್ಟ ಉಳಿಯಂಗಿಲ್ಲ. ಎರಡು ವರ್ಷ ಬರದಿಟ್ಟು ನೋಡೀನ್ರಿ. ಈಗ ಟೈಮ್‌ಟೇಬಲ್ ನೋಡಿ, ಎಷ್ಟ ಅಕ್ಕಿ ನೆನಿಹಾಕಬೇಕಂತ ನಾನ ಹೇಳ್ತೀನಿ. ಟೆಸ್ಟ್ ಮುಗಿದಕೂಡ್ಲೆ ಮೊಸರನ್ನ ಇಟ್ರ ಪಾತ್ರಿ ಖಾಲಿ!”

“ಇದನ್ನ ಬಿಟ್ಟು ಖಾಲಿ ಸಾಲು ಕಳಿಸಿದೀಯಲ್ಲೇ!” ಪಂಕಜಾ ಎದ್ದೇಬಿಟ್ಟರು. “ಈಜು ಅಂತ ಬರೆದೋರು ಬೆಳಗ್ಗೆಯಿಂದ ನಾಲ್ಕು ಜನ ಬಂದುಹೋದ್ರು. ಇಡ್ಲಿ ಅಂದವಳು ನೀನೊಬ್ಳೇ! ಬಾ, ನಿಮ್ಮಪ್ಪನ್ನೂ ಒಂದು ಮಾತು ಕೇಳಿ ವರದಿ ಬರೆದುಬಿಡ್ತೀನಿ.”

ಹೊರಗೆ ಬುತ್ತಿಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಚನ್ನಬಸಪ್ಪ ದಡಕ್ಕನೆ ಎದ್ದ.

“ನಿಮ್ಮ ಮಗಳು ಅಡುಗೆಮನೇಲಿ ಏನೇನು ಮಾಡ್ತಾಳೆ, ಚನ್ನಬಸಪ್ಪನವರೇ?”

“ಅಡಗಿಮನಿ?” ಅವನ ಮುಖ ಬಿಳಿಚಿತು. “ಇಲ್ರಿ ಮೇಡಂ! ಆಕಿ ಒಲಿ ಮುಂದ ಕಾಲೂ ಇಟ್ಟಿಲ್ರಿ. ಓದೂದೊಂದು ಬಿಟ್ರ ಬ್ಯಾರೆ ಏನೂ ಗೊತ್ತಿಲ್ಲ. ಕನಕದುರ್ಗಮ್ಮನ ಆಣಿ!”

ಪಂಕಜಾರ ನಗು ಆರಿತು. ಪೆನ್ನಿಗೆ ಮುಚ್ಚಳ ಹಾಕಿ, ಇಷ್ಟು ಹೊತ್ತು ಕಟ್ಟಿದ್ದು ಬರೀ ಕಥೆಯೇ ಎಂಬಂತೆ ಹೇಮಾಕ್ಷಿಯನ್ನು ನೋಡಿದರು.

ಅಪ್ಪ ಹೇಳಿದ್ದು ಸುಳ್ಳು ಎನ್ನುವ ಬದಲು ಹೇಮಾಕ್ಷಿ ಮೆಲ್ಲಗೆ ಬಲತೋಳಿನ ಗುಂಡಿ ಬಿಚ್ಚಿ ಮೊಣಕೈವರೆಗೆ ಮಡಚಿದಳು. ಇಡ್ಲಿ ಪಾತ್ರೆಯ ಅಂಚು ಸುಟ್ಟ ಗೆರೆಗಳು, ಒಂದರ ಮೇಲೊಂದು.

“ಏ, ಮುಚ್ಕೋ ನಮ್ಮವ್ವಾ!” ಚನ್ನಬಸಪ್ಪ ಗಡಬಡಿಸಿ ಆ ತೋಳನ್ನು ಕೆಳಗೆಳೆಯಲು ಕೈ ಚಾಚಿದ. ಅವನ ಅಂಗಿಯ ತೋಳು ಮೇಲೆ ಸರಿಯಿತು. ಅಲ್ಲೂ ಅಂಥವೇ ಗೆರೆಗಳು.

ಪಂಕಜಾ ಎರಡೂ ಕೈಗಳನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.