ಏಳನೆಯ ಸೂಜಿ

ಸೂಜಿದಿಂಬಿನಲ್ಲಿ ಆರೇ ಸೂಜಿಗಳಿದ್ದವು. ಅಜ್ಜಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಎಣಿಸಿದಳು. ಆರೇ. ಬೆಳಿಗ್ಗೆ ಹೊಲಿಯಲು ಕೂತಾಗ ಏಳಿದ್ದವು. ನಲವತ್ತು ವರ್ಷ ಮಕ್ಕಳಿಗೆ ಬಟ್ಟೆಬೊಂಬೆ ಹೊಲಿದ ಕೈ ಅದು; ಸೂಜಿಯ ಲೆಕ್ಕ ಸರಿಹೋಗದೆ ಒಂದು ಬೊಂಬೆಯನ್ನೂ ಯಾರ ಕೈಗೂ ಕೊಟ್ಟಿರಲಿಲ್ಲ. ಇವತ್ತು ಚಳಿಗೆ ಬೆರಳು ಮರಗಟ್ಟಿ, ಮೂರು ಮೊಲದ ಬೊಂಬೆಗಳಲ್ಲಿ ಕೊನೆಯದಕ್ಕೆ ಉಣ್ಣೆ ತುಂಬಿ ಹೊಟ್ಟೆ ಹೊಲಿಯುವುದನ್ನು ಎಂಟು ವರ್ಷದ ಮೊಮ್ಮಗಳಿಗೆ ಬಿಟ್ಟು, ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ ಕೂತುಬಿಟ್ಟಿದ್ದಳು.

"ಪುಟ್ಟಿ, ಉದ್ದನೆ ಸೂಜಿ ಕಾಣಿಸ್ತಿಲ್ವಲ್ಲೇ. ಎಲ್ಲಾದ್ರೂ ಬೀಳಿಸಿದ್ಯಾ?"

ನೆಲದ ಮೇಲಿನ ಉಣ್ಣೆಯ ಚೂರುಗಳನ್ನು ಆಯುತ್ತಿದ್ದ ಪುಟ್ಟಿ ತಲೆ ಎತ್ತಲಿಲ್ಲ. "ಬೀಳಿಸಿಲ್ಲ ಅಜ್ಜಿ. ಮೊಲದ ಒಳಗಿದೆ. ನೀನೇ ಹೇಳಿದ್ಯಲ್ಲ, ಈ ಮೊಲಗಳಿಗೆ ಬೆನ್ನುಮೂಳೆನೇ ಇಲ್ಲ, ಕೂರ್ಸಿದ್ರೆ ಸೋಮಾರಿಗಳ ಥರ ಬಿದ್ಕೊಳ್ತಾವೆ ಅಂತ. ಅದಕ್ಕೇ ಉದ್ದದ್ದು ನೋಡಿ ಇಟ್ಟೆ. ಈಗ ನೆಟ್ಟಗೆ ಕೂರುತ್ತೆ."

ಅಜ್ಜಿ ಕಿಟಕಿಯ ಕಡೆ ತಿರುಗಿದಳು. ಕಟ್ಟೆಯ ಮೇಲೆ ಎರಡು ಮೊಲಗಳು ಒಂದರ ಮೇಲೊಂದು ಒರಗಿ ಬಿದ್ದಿದ್ದವು. ನೆಟ್ಟಗೆ ಕೂತದ್ದು ಯಾವುದೂ ಇರಲಿಲ್ಲ.

"ಮೂರನೇದು ಎಲ್ಲಿ?"

"ತಮ್ಮ ಅಳ್ತಿದ್ದ. ತೊಟ್ಟಿಲಲ್ಲಿ ಕೊಟ್ಬಂದೆ. ಅವನಿಗೆ ಎಷ್ಟು ಇಷ್ಟ ಆಗಿದೆ ಅಂದ್ರೆ, ಬಾಯಿಂದ ತೆಗೀತಾನೇ ಇಲ್ಲ."

ಹಲ್ಲು ಬರುತ್ತಿದ್ದ ಕೂಸು ಏನನ್ನೋ ಚೀಪುವ ಸದ್ದು ಒಳಕೋಣೆಯಿಂದ ಇಷ್ಟು ಹೊತ್ತೂ ಬರುತ್ತಲೇ ಇತ್ತು. ಅಜ್ಜಿ ಗೋಡೆ ಹಿಡಿದು ಎದ್ದು ನಿಂತಾಗ ಆ ಸದ್ದು ನಿಂತಿತು.